ಗಿಟಾರು ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ?

(ಹೆತ್ತವರ ಮತ್ತು ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಚರ್ಚುಗಳ ಗಾಯನ ಮಂಡಳಿಗಳಲ್ಲಿ ಗಿಟಾರು ನುಡಿಸುವ ಮಕ್ಕಳಿದ್ದಾರೆ. ಪೂಜೆ ಮುಗಿದ ಮೇಲೆ ನಾವೇ ಅವರ ಬೆನ್ನು ತಟ್ಟುತ್ತೇವೆ. ಆದರೆ ಅದೇ ಮಗು "ನಾನು ಇದರಲ್ಲೇ ಬದುಕ್ತೇನೆ" ಅಂದರೆ ನಮ್ಮ ಮುಖ ಸಪ್ಪಗಾಗುತ್ತದೆ. ಹೊಟ್ಟೆಪಾಡಿನ ಪ್ರಶ್ನೆ, ಕೇಳಲೇಬೇಕು. ಅದಕ್ಕಾಗಿಯೇ ಇಂದು ಒಬ್ಬರ ಬದುಕನ್ನು ನಿಮ್ಮ ಮುಂದಿಡುತ್ತೇವೆ.

ಅಗುಸ್ಟಿನ್ ಬಾರಿಯೋಸ್ ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ 1885ರಲ್ಲಿ ಹುಟ್ಟಿದವರು. ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್ ಅಂತ ವರ್ಷಗಟ್ಟಲೆ ಊರೂರು ತಿರುಗಿ ಕಛೇರಿ ಕೊಟ್ಟರು. ಆಗ ಶಾಸ್ತ್ರೀಯ ಗಿಟಾರಿಗೆ ಕರುಳಿನ ತಂತಿ ಹಾಕುವುದು ವಾಡಿಕೆ. ಇವರು ಉಕ್ಕಿನ ತಂತಿ ಬಳಸಿದರೆಂದು ಕೆಲವರು ಮೂಗು ಮುರಿದರು. 1930ರ ದಶಕದಲ್ಲಿ ತಮ್ಮ ಹೆಸರನ್ನೇ ತಿರುಗಿಸಿ 'ನಿತ್ಸುಗಾ' ಎಂದಿಟ್ಟುಕೊಂಡು, ತಲೆಗೆ ಗರಿಗಳನ್ನು ಕಟ್ಟಿ, ಆದಿವಾಸಿ ವೇಷದಲ್ಲಿ ವೇದಿಕೆ ಹತ್ತಿದರು. ಅಷ್ಟು ದೊಡ್ಡ ಕಲಾವಿದನಿಗೂ ಜನ ಸೇರಿಸಲು ವೇಷ ಬೇಕಾಯಿತಲ್ಲ ಎಂದು ನಮಗೆ ಈಗಲೂ ಬೇಸರವಾಗುತ್ತದೆ. 1934ರಲ್ಲಿ ಯುರೋಪಿಗೂ ಹೋದರು. ಚಪ್ಪಾಳೆ ಸಿಕ್ಕಿತು, ಹಣದ ತಾಪತ್ರಯ ತಪ್ಪಲಿಲ್ಲ.

ಕೊನೆಗೆ ಹೃದಯದ ಕಾಯಿಲೆ ಹಿಡಿಯಿತು. ತಿರುಗಾಟ ಸಾಕಾಗಿ ಮಧ್ಯ ಅಮೆರಿಕದ ಎಲ್ ಸಾಲ್ವಡೋರಿನಲ್ಲಿ ನೆಲೆನಿಂತರು. ಅಲ್ಲಿನ ಸಂಗೀತ ಶಾಲೆಯಲ್ಲಿ ಮೇಷ್ಟ್ರಾದರು. ಒಂದು ದಿನ ಪಾಠ ನಡೆಯುತ್ತಿದ್ದಾಗ ಒಬ್ಬ ಮುದುಕಿ ಭಿಕ್ಷೆಗೆ ಬಂದು ಬಾಗಿಲು ತಟ್ಟಿದಳಂತೆ. ಅವರ ಕೊನೆಯ ಕೃತಿ ಅದರಿಂದಲೇ ಹುಟ್ಟಿತು ಎಂದು ಹೇಳುತ್ತಾರೆ. 'ದೇವರ ಪ್ರೀತಿಗಾಗಿ ಒಂದು ಭಿಕ್ಷೆ' ಎಂಬುದು ಅದರ ಹೆಸರಿನ ಅರ್ಥ. ಮೂರು ಬೆರಳು ಒಂದೇ ತಂತಿಯನ್ನು ಬಿಡದೆ ಮೀಟುತ್ತವೆ. ಕೆಳಗೆ ಬಾಗಿಲು ತಟ್ಟುವ ಸದ್ದು ಕೇಳುತ್ತಲೇ ಇರುತ್ತದೆ. 1944ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಅವರ ಎಷ್ಟೋ ಕೃತಿಗಳು ಕಳೆದುಹೋದವು. ಉಳಿದವುಗಳಲ್ಲಿ ಹಲವನ್ನು ಕಾಪಾಡಿದವರು ಶಿಷ್ಯರು. 1977ರಲ್ಲಿ ಜಾನ್ ವಿಲಿಯಮ್ಸ್ ಅವನ್ನು ನುಡಿಸಿ ರೆಕಾರ್ಡ್ ಮಾಡಿದಾಗ ಲೋಕವೆಲ್ಲ ಕಿವಿಗೊಟ್ಟಿತು.

ಕಛೇರಿಯೊಂದನ್ನೇ ನಂಬಿ ಬದುಕುವ ಗಿಟಾರಿಗರು ಬಹಳ ಕಡಿಮೆ. ಹೆಚ್ಚಿನವರ ಮನೆ ನಡೆಯುವುದು ಪಾಠದಿಂದ. ಅದೇನೂ ಸೋತವರ ಕೆಲಸವಲ್ಲ. ಚೆನ್ನಾಗಿ ನುಡಿಸುವವರಿಗೆಲ್ಲ ಕಲಿಸಲು ಬರುವುದೂ ಇಲ್ಲ. ಎಂಟು ವರ್ಷದ ಮಗುವಿನ ಬೆರಳನ್ನು ತಂತಿಯ ಮೇಲೆ ಸರಿಯಾಗಿ ಇಡಿಸುವುದಕ್ಕೆ ಬೇರೆಯೇ ತಾಳ್ಮೆ ಬೇಕು. ಆದ್ದರಿಂದ ಮಕ್ಕಳೇ, ಸ್ವರಲಿಪಿ ಓದಲು ಕಲಿಯಿರಿ, ನಿಮಗಿಂತ ಚಿಕ್ಕವರಿಗೆ ಈಗಲೇ ಹೇಳಿಕೊಡಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳನ್ನು ನಮ್ಮಲ್ಲೂ ಬರೆಯಬಹುದು. ಎಂಟು ಗ್ರೇಡ್ ದಾಟಿದರೆ ಮುಂದೆ ಡಿಪ್ಲೊಮಾ ಇದೆ.

ಹೆತ್ತವರಿಗೆ ಒಂದು ಮಾತು. ಗಾಯನ ಮಂಡಳಿಯ ಉಕ್ಕಿನ ತಂತಿಯ ಗಿಟಾರು ಶಾಸ್ತ್ರೀಯ ಪಾಠಕ್ಕೆ ಆಗುವುದಿಲ್ಲ. ಬಾರಿಯೋಸ್ ಬಳಸಿದ್ದರು ನಿಜ, ಆದರೆ ಈಗ ಎಲ್ಲರೂ ಕಲಿಯುವುದು ನೈಲಾನ್ ತಂತಿಯಲ್ಲಿ. ಕೊಳ್ಳುವ ಮೊದಲು ಮೇಷ್ಟ್ರನ್ನು ಜೊತೆಗೆ ಅಂಗಡಿಗೆ ಕರೆದುಕೊಂಡು ಹೋಗಿ.