ಹಳೆಯ ಭೂಪಟಗಳಲ್ಲಿ ಎಡೆದೊರೆ ನಾಡು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಅದರೊಳಗಿನವು. ಹಳೆಯ ಭೂಪಟಗಳಿಗೂ ಈ ನೆಲಕ್ಕೂ ನೇರ ನಂಟಿದೆ. ಅಲೆಕ್ಸಾಂಡ್ರಿಯದ ಟಾಲೆಮಿ ಕ್ರಿ.ಶ. 150ರ ಸುಮಾರಿಗೆ ರಚಿಸಿದ ಭೂಗೋಳ ಗ್ರಂಥದಲ್ಲಿ ಬನವಾಸಿ ಇರುವ ಪಟ್ಟಿಯಲ್ಲೇ ‘ಮೊದೊಗುಲ್ಲ’ ಎಂಬ ಊರಿದೆ. ಅದು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ.

ಟಾಲೆಮಿಗೆ ಈ ಊರುಗಳು ಗೊತ್ತಾದದ್ದು ವರ್ತಕರ, ನಾವಿಕರ ಬಾಯಿಂದ. ದೂರವನ್ನು ಅವರು ಹೇಳುತ್ತಿದ್ದುದು ಎಷ್ಟು ದಿನದ ಪಯಣ ಎಂಬ ಲೆಕ್ಕದಲ್ಲಿ. ಹಾಗಾಗಿ ಹೆಸರು ಉಳಿಯಿತು, ಆಕಾರ ಕೆಟ್ಟಿತು. ಅವನ ಅಂಕಿಗಳಂತೆ ಬರೆದ ನಕ್ಷೆಯಲ್ಲಿ ದಕ್ಷಿಣ ಭಾರತದ ಆಕಾರವೇ ಕಾಣುವುದಿಲ್ಲ. ಸಿಂಧೂ ನದಿಯಿಂದ ಗಂಗೆಯವರೆಗಿನ ಕರಾವಳಿ ಹೆಚ್ಚುಕಡಿಮೆ ಪೂರ್ವಕ್ಕೆ ನೇರವಾಗಿ ಸಾಗುತ್ತದೆ. ತಪ್ರೊಬನೆ ಎಂಬ ಹೆಸರಿನ ಶ್ರೀಲಂಕಾ ಮಾತ್ರ ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಿಂದೂ ಮಹಾಸಾಗರದ ಸುತ್ತಲೂ ನೆಲವಿದ್ದು, ಅದು ಕೆರೆಯಂತೆ ಮುಚ್ಚಿಕೊಂಡಿದೆ. 1488ರಲ್ಲಿ ಪೋರ್ಚುಗೀಸ್ ನಾವಿಕ ಬಾರ್ತಲೊಮೆಯು ದಿಯಾಸ್ ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿದ ಮೇಲೆ ಆ ನಂಬಿಕೆ ಬಿದ್ದಿತು. ಭೂಮಿಯ ಸುತ್ತಳತೆಯನ್ನು ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ 2,52,000 ಸ್ಟೇಡಿಯ (ಗ್ರೀಕರ ದೂರಮಾನ) ಎಂದಿದ್ದರೆ, ಟಾಲೆಮಿ 1,80,000ಕ್ಕೆ ಇಳಿಸಿದ. ಭೂಮಿ ಚಿಕ್ಕದೆಂಬ ಇಂಥ ಲೆಕ್ಕಗಳನ್ನು ನಂಬಿಯೇ ಕೊಲಂಬಸ್ ಪಶ್ಚಿಮಕ್ಕೆ ಹೊರಟದ್ದು.

ನಮ್ಮ ಪುರಾಣಗಳ ಜಗತ್ತು ಬೇರೆ: ನಡುವೆ ಮೇರು, ಸುತ್ತ ಜಂಬೂದ್ವೀಪ, ಆಚೆಗೆ ಉಪ್ಪಿನ, ಕಬ್ಬಿನಹಾಲಿನ, ತುಪ್ಪದ ಕಡಲುಗಳು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಕಂಡ ಅಶೋಕನ ಶಾಸನದಲ್ಲೂ ಜಂಬೂದ್ವೀಪದ ಹೆಸರಿದೆ. ಅಲ್ಲಿ ಅದು ಜನ ಬಾಳುವ ನಾಡು. ಪುರಾಣದ ಚಿತ್ರವನ್ನು ದಾರಿ ತೋರುವ ನಕ್ಷೆಯೆಂದು ಅಳೆಯುವುದು ನ್ಯಾಯವಲ್ಲ. ಹಾಗೆಂದು ಭೂಮಿಯ ಆಕಾರ ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ; ಭೂಮಿ ಗುಂಡಗಿದೆ ಎಂಬುದನ್ನು ಆರ್ಯಭಟ ಸುಮಾರು 499ರಲ್ಲೇ ಬರೆದಿದ್ದ.

ಟಾಲೆಮಿಯ ನಂತರದ ಐರೋಪ್ಯ ನಕ್ಷೆಗಳ ಒಂದು ದೋಷ ಈ ನಾಡಿಗೆ ಹೆಚ್ಚು ಹತ್ತಿರದ್ದು. ವಿಜಯನಗರವನ್ನು ಅವು ‘ಬಿಸ್ನಗರ್’ ಎಂದೂ ಸಾಮ್ರಾಜ್ಯವನ್ನು ‘ನರ್ಸಿಂಗ’ ಎಂದೂ ಬರೆದವು. 1565ರಲ್ಲಿ ರಾಜಧಾನಿ ಹಾಳಾದರೂ 17ನೇ ಶತಮಾನದ ಭೂಪಟಗಳಲ್ಲಿ ಆ ಹೆಸರುಗಳು ಉಳಿದವು. ಒಬ್ಬನ ತಾಮ್ರಫಲಕದಿಂದ ಇನ್ನೊಬ್ಬ ನಕಲು ಮಾಡುತ್ತಿದ್ದುದೇ ಕಾರಣ. ಊರುಗಳ ಸ್ಥಾನವನ್ನು ಸರಿಯಾಗಿ ಗುರುತಿಸುವುದೂ ಸುಲಭವಿರಲಿಲ್ಲ. ಅಕ್ಷಾಂಶವನ್ನು ಸೂರ್ಯ, ನಕ್ಷತ್ರ ನೋಡಿ ಅಳೆಯಬಹುದಿತ್ತು. ಕಡಲ ಮೇಲೆ ರೇಖಾಂಶ ನಂಬುವಂತೆ ದಕ್ಕಿದ್ದು 18ನೇ ಶತಮಾನದಲ್ಲಿ, ಜಾನ್ ಹ್ಯಾರಿಸನ್ನನ ಗಡಿಯಾರದಿಂದ. ಒಳನಾಡಿಗೆ ಅದೂ ಸಾಲಲಿಲ್ಲ. 1800ರ ಸುಮಾರಿಗೆ ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ ದಕ್ಷಿಣದಲ್ಲಿ ಆರಂಭಿಸಿದ ತ್ರಿಕೋನಮಾಪನ ಬೇಕಾಯಿತು.