ಎದೆ ಎಂಬ ಮಾತು

ನಮ್ಮ ಹಳೇಬೀಡಿನ ಸೀಮೆಯಲ್ಲಿ ಆಡುಮಾತಿನ ಹಕಾರ ಬಹು ಸುಲಭವಾಗಿ ಜಾರಿಹೋಗುತ್ತದೆ. ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ, ಅರ್ಜುನನು ಬಿಲ್ಲಿಗೆ ಎದೆಯೇರಿಸಿದನು ಎಂದು ಬರೆದ. ಉಳಿದವರೆಲ್ಲ ನಕ್ಕರು. ತಪ್ಪೇನೆಂದು ಕೇಳಿದರೆ ನಕ್ಕವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ.

ಬಿಲ್ಲಿಗೆ ಏರಿಸುವುದು ಹೆದೆ. ಹಳಗನ್ನಡದಲ್ಲಿ ಅದು ಪೆದೆ. ಪಾಲ್ ಎಂಬುದು ಹಾಲಾದಂತೆ ಪೆದೆಯು ಹೆದೆಯಾಯಿತು. ಮೈಯ ಎದೆಯಾದರೋ ಹಳಗನ್ನಡದಲ್ಲಿ ಎರ್ದೆ. ನಡುವಣ ರಕಾರ ಉದುರಿ ಎದೆಯಾಯಿತು. ಬೇರೆ ಬೇರೆ ಊರಿನಿಂದ ಬಂದ ಇಬ್ಬರು ಒಂದೇ ಜಗುಲಿಯಲ್ಲಿ ಕುಳಿತ ಹಾಗೆ ಇವೆರಡು ಮಾತುಗಳು. ನೆರೆಯ ತೆಲುಗಿನಲ್ಲಿಯೂ ಎದ ಎಂಬ ಮಾತುಂಟು. ತಮಿಳು ಮಲಯಾಳಗಳಲ್ಲಿ ಮಾತ್ರ ಜನ ನೆಂಜು ಎನ್ನುತ್ತಾರೆ.

ಸಂಸ್ಕೃತದಲ್ಲಿ ಹೊರಗಿನ ಎದೆಗೆ ಉರಸ್, ವಕ್ಷಸ್ ಎಂಬ ಹೆಸರುಗಳಿವೆ. ಉರಸ್ಸಿನಿಂದ ನಡೆಯುವುದೇ ಉರಗ, ಎಂದರೆ ಹಾವು. ಒಳಗಿನದಕ್ಕೆ ಹೃದಯವೆಂಬ ಬೇರೆ ಮಾತೇ ಇದೆ. ಇಂಗ್ಲಿಷರು ಇಂದು ಎದೆಗೆ ಚೆಸ್ಟ್ ಎನ್ನುತ್ತಾರಷ್ಟೆ. ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದ ಆ ಮಾತಿನ ಮೂಲಾರ್ಥ ಪೆಟ್ಟಿಗೆ. ಅದು ಮೈಗೆ ಅಂಟಿಕೊಂಡದ್ದು 16ನೆಯ ಶತಮಾನದಲ್ಲಿ. ಅದಕ್ಕೂ ಹಿಂದಿನ ಅವರ ಸ್ವಂತ ಮಾತು ಬ್ರೆಯೋಸ್ಟ್. ಅವರ ಹಳೆಯ ಕವಿಗಳು ಮನಸ್ಸನ್ನು ಬ್ರೆಯೋಸ್ಟ್‌ಹೋರ್ಡ್, ಎಂದರೆ ಎದೆಯೊಳಗಿನ ನಿಧಿ, ಎಂದು ಕರೆದರು. ನಮ್ಮವರು ಪೆಟ್ಟಿಗೆ ಎನ್ನಲಿಲ್ಲ, ಎದೆಗೂಡು ಎಂದರು. ಗೂಡೆಂದರೆ ಒಳಗೆ ಜೀವವಿರಬೇಕು.

ಕನ್ನಡದ ಎದೆ ಒಳಗನ್ನೂ ಹೊರಗನ್ನೂ ಒಟ್ಟಿಗೆ ಹೊತ್ತಿದೆ. ಕೆರೆಯ ನೀರು ಎದೆಮಟ್ಟ ಬರುತ್ತದೆ, ಮಗು ಎದೆಹಾಲು ಕುಡಿಯುತ್ತದೆ. ಅದೇ ಮಾತಿನಿಂದ ಧೀರನು ಎದೆಗಾರ, ಹೆದರಿದವನು ಎದೆಗುಂದಿದವನು. ನಿಜ ಹೇಳೆಂದು ಕೇಳುವಾಗ ಎದೆ ಮುಟ್ಟಿಕೊಂಡು ಹೇಳು ಎನ್ನುತ್ತೇವೆ.

ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಕಂಬವಿದೆ. ಈತ ಇಮ್ಮಡಿ ವೀರಬಲ್ಲಾಳನ ದಂಡನಾಯಕ. ಅರಸನೊಡನೆ ಪ್ರಾಣ ಬಿಡುವ ವ್ರತ ತೊಟ್ಟ ಗರುಡ. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಈತನೂ ಮಡದಿಯೂ ಸಂಗಡಿಗರೂ ಪ್ರಾಣವನ್ನೊಪ್ಪಿಸಿದರು. ಕತ್ತಿಯಿಂದ ತಮ್ಮ ಅಂಗಗಳನ್ನೇ ಕತ್ತರಿಸಿಕೊಳ್ಳುವ ವೀರರ ಮೂರ್ತಿಗಳು ಆ ಕಂಬದಲ್ಲಿವೆ. ಆ ವ್ರತ ನಮಗೆ ಇಂದು ಒಪ್ಪಿಗೆಯಾಗದಿರಬಹುದು. ಆದರೂ ಮಕ್ಕಳನ್ನು ಅಲ್ಲಿ ನಿಲ್ಲಿಸಿ, ಎಂಥ ಎದೆಯಪ್ಪಾ ಇವರದು ಎಂದಾಗ, ಯಾರೂ ಅರ್ಥ ಕೇಳಿದ್ದಿಲ್ಲ.

ಇಷ್ಟೆಲ್ಲ ಬಲ್ಲ ನಾನೇ ಒಮ್ಮೆ ಎಡವಿದೆ. ನಮ್ಮ ತಂದೆಯವರು ತೀರಿಕೊಂಡು ತಿಂಗಳಾಗಿತ್ತು. ಸಂಜೆ ಅಮ್ಮ, 'ಎದೆ ಭಾರವಾಗೈತೆ ಕಣಪ್ಪ' ಎಂದರು. ದುಃಖವೆಂದು ತಿಳಿದು ಸಮಾಧಾನದ ಮಾತು ಹೇಳಿದೆ, ಪಕ್ಕದಲ್ಲಿ ಕುಳಿತು ಒಂದು ಅಧ್ಯಾಯ ಭಾರತವನ್ನೂ ಓದಿದೆ. ಅವರು ಸುಮ್ಮನೆ ಕೇಳಿದರು. ಮರುದಿನ ಬೆಳಗ್ಗೆ ಮೈಯೆಲ್ಲ ಬೆವರಿ ಕುಸಿದಾಗ ವೈದ್ಯರಲ್ಲಿಗೆ ಒಯ್ದೆವು. ಅದು ಹೃದಯದ ಬೇನೆಯೇ ಆಗಿತ್ತು. ದೈವವಶದಿಂದ ಉಳಿದರು. 'ನಿನ್ನೆಯೇ ಏಕೆ ಹೇಳಲಿಲ್ಲ?' ಎಂದು ವೈದ್ಯರು ಕೇಳಿದ್ದಕ್ಕೆ ಅಮ್ಮ ನನ್ನ ಮುಖ ನೋಡಿ, 'ಹೇಳಿದ್ದೆನಲ್ಲ' ಎಂದರು.

ಹೌದು, ಹೇಳಿದ್ದರು. ಎರಡರ್ಥದ ಮಾತಿನಲ್ಲಿ ನಾನು ಒಂದನ್ನೇ ಕೇಳಿಸಿಕೊಂಡಿದ್ದೆ. ಅಂದಿನಿಂದ ಮನೆಯಲ್ಲಿ ಯಾರು ಎದೆ ಎಂದರೂ, ಅರ್ಥ ಹೇಳುವುದಕ್ಕೆ ಹೋಗದೆ, 'ಎಲ್ಲಿ? ಹೇಗೆ? ಯಾವಾಗಿನಿಂದ?' ಎಂದು ಕೇಳುತ್ತೇನೆ. ತಾವೂ ಹಾಗೆಯೇ ಕೇಳಿರೆಂಬುದು ನನ್ನ ಬಿನ್ನಹ.