ಮಣ್ಣಿನ ಗೋಡೆಗೆ ಬೇಕಾದ ಸಾಕ್ಷಿ
(ಉಲ್ಲಾಳದಲ್ಲಿ ನೀಡಿದ ಉಪನ್ಯಾಸ)

ನಗರದೊಳಗೆ ಸೇರಿಹೋದ ಉಲ್ಲಾಳದಂತಹ ಹಳ್ಳಿಗಳಲ್ಲಿ ಏಳುವ ಪ್ರಶ್ನೆಯೊಂದಿದೆ: ತಾತಂದಿರ ಕಾಲದಿಂದ ನಿಂತಿರುವ ಮಣ್ಣಿನ ಗೋಡೆಗೆ ಎಂಜಿನಿಯರರ ಪ್ರಮಾಣಪತ್ರವೇಕೆ?

ದೀರ್ಘ ಬಳಕೆಯೂ ಸಾಕ್ಷಿಯೇ. ಮಳೆ, ಬಿಸಿಲು, ಸೂರಿನ ಭಾರಗಳನ್ನು ಗೋಡೆ ತಾಳಿದೆಯೆಂದು ಅದು ಹೇಳುತ್ತದೆ. ಎಂದೂ ಎದುರಾಗದ ಆಘಾತದ ಬಗ್ಗೆ ಮಾತ್ರ ಅದು ಏನನ್ನೂ ಹೇಳದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಸೀಮೆ ಕಂಪಿಸಿದಾಗ, ಬಹುಕಾಲ ನಿಂತಿದ್ದ ಕಲ್ಲು-ಮಣ್ಣಿನ ದಪ್ಪ ಗೋಡೆಗಳೇ ಮಲಗಿದ್ದವರ ಮೇಲೆ ಕುಸಿದವು.

ಹಾಗೆಂದು ಮಣ್ಣನ್ನೇ ತೊರೆಯಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸಿಮೆಂಟು ಬೆರೆಸಿ ಒತ್ತಿದ, ಸುಡುವ ಅಗತ್ಯವಿಲ್ಲದ ಮಣ್ಣಿನ ಬ್ಲಾಕುಗಳನ್ನು ಪರೀಕ್ಷಿಸಿ ಬೆಳೆಸಿತು. ಅಂತಹ ಬ್ಲಾಕುಗಳಿಗೆ 1960ರಿಂದ ಭಾರತೀಯ ಮಾನಕ 1725 ಇದೆ. 2013ರಲ್ಲಿ ಅದು ಪರಿಷ್ಕೃತವಾಯಿತು. ನೀರಿನಲ್ಲಿ ನೆನೆಸಿದ ಬ್ಲಾಕು ಎಷ್ಟು ಭಾರ ಹೊರಬಲ್ಲದೆಂಬುದೇ ಅಲ್ಲಿನ ಮುಖ್ಯ ಪರೀಕ್ಷೆ.

ಹಿರಿಯರ ಅನುಭವ ಪರೀಕ್ಷೆಗೆ ದಾರಿ ತೋರಲಿ. ಸಂಹಿತೆಯೂ ಪರೀಕ್ಷಿಸದೆ ಮಣ್ಣನ್ನು ತಳ್ಳಿಹಾಕದಿರಲಿ.